ಹನ್ನೊಂದು ಸೆಕೆಂಡು

ಬಾಲ್ತಜಾರನಿಗೆ ಶುಕ್ರವಾರದೊಳಗೆ ಉತ್ತರ ಬೇಕು.
ಪ್ರಶ್ನೆಯನ್ನು ಯಾರಿಗೆ, ಹೇಗೆ ಕೇಳುವುದೆಂದು ಮಾತ್ರ
ಇನ್ನೂ ತೀರ್ಮಾನವಾಗಿಲ್ಲ.

ಪೆನಿಶ್ ಬಂದರಿನ ಮೀನು ಹರಾಜು ಕಟ್ಟೆಗೆ
ನಾವು ಬರೆದುಕೊಟ್ಟ ತಂತ್ರಾಂಶ:
ದೋಣಿ ಆರಿಸು, ಮೀನು ಆರಿಸು, ತೂಕ ಒತ್ತು, ಮುಂದೆ.
ಮೂರನೇ ಕಿಟಕಿಯಲ್ಲಿ, ಕೆಲವು ದೋಣಿಗಳ ಸರದಿಯಲ್ಲಿ ಮಾತ್ರ,
ಹನ್ನೊಂದು ಸೆಕೆಂಡು ಎಲ್ಲೋ ಸೋರಿಹೋಗುತ್ತದೆ.
ಅಷ್ಟು ಹೊತ್ತು ಹರಾಜಿನ ಗಡಿಯಾರ ನಿಂತು ಕಾಯುತ್ತದೆ,
ಕೊಳ್ಳುವವರು ಕೆಮ್ಮುತ್ತಾರೆ.
ಲಾಗು ಇಷ್ಟು ಹೇಳಿ ಬಾಯಿ ಮುಚ್ಚುತ್ತದೆ.
ಎಷ್ಟು ಎಂಬುದು ಅದಕ್ಕೆ ಬಾಯಿಪಾಠ; ಏಕೆ ಎಂದರೆ
ಬೆಪ್ಪಾಗಿ ನೋಡುತ್ತದೆ.

"ಪ್ರಶ್ನಾವಳಿ ಕಳಿಸು," ಎಂದ ಬಾಲ್ತಜಾರ್,
"ಅಗ್ಗ, ಬೇಗ, ಬಂದರಿಗೆ ಬಂದರೇ ಮಾತಾಡುತ್ತದೆ."
ಕಳಿಸಿದೆ. ಅರವತ್ತೆರಡು ಜನ
ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟರು.
ಯಾರೋ ಒಬ್ಬರು, ಇತರೆ ಎಂಬ ಖಾನೆಯಲ್ಲಿ,
ಕಾಫಿ ಯಂತ್ರ ಕೆಟ್ಟು ಎರಡು ತಿಂಗಳಾಯಿತೆಂದು ಬರೆದಿದ್ದರು.

"ಎರಡು ಪರದೆ ಮಾಡೋಣ," ಎಂದಳು ಝುಲ್ಮೀರಾ,
"ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು. ಗೆದ್ದದ್ದು ಉಳಿಯಲಿ."
ಮೂರನೇ ಕಿಟಕಿಯಲ್ಲಿ ಕೂರುವವಳು ಒಬ್ಬಳೇ.
ಅವಳನ್ನು ಅರ್ಧ ಮಾಡುವುದು ಹೇಗೆ?

ಅನ್ನ ಬೆಂದಿದೆಯೋ ನೋಡಲು ಒಂದಗುಳು ಸಾಕು, ಸರಿ;
ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದರೆ.

ಎದುರು ಕೂತು ಕೇಳಿದೆ.
ಡಿಯೋಲಿಂಡಾ, ಐವತ್ತೆಂಟು, ಕಿವಿಯಲ್ಲಿ ಚಿನ್ನದ ರಿಂಗು,
ತಟ್ಟೆ ತುಂಬ ಬಿಸ್ಕತ್ತು.
"ಎಲ್ಲ ಚೆನ್ನಾಗಿದೆ ಮಗಳೇ. ನೀನೇ ಮಾಡಿದ್ದಾ? ಜಾಣೆ."
ರೆಕಾರ್ಡರಿನಲ್ಲಿ ನಲವತ್ತು ನಿಮಿಷ
ಅವಳ ಮೊಮ್ಮಗನ ಹಲ್ಲು, ಪಕ್ಕದ ಮನೆಯ ನಾಯಿ,
ನನ್ನ ಮದುವೆ ಯಾವಾಗ.

ದಿನಚರಿ ಕೊಟ್ಟು ಬಂದೆ:
ತೊಡಕಾದಾಗಲೆಲ್ಲ ಒಂದು ಸಾಲು ಬರೆಯಿರಿ.
ವಾರ ಕಳೆದು ಸಿಕ್ಕಿದ್ದು
ಸೊಪ್ಪು, ಈರುಳ್ಳಿ, ಗ್ಯಾಸಿನವನ ನಂಬರು.

ಇನ್ನು ಉಳಿದದ್ದು ನೋಡುವುದೊಂದೇ.
ಮೊದಲ ದಿನ ಅವಳು ನನಗಾಗಿ ತುಟಿಗೆ ಬಣ್ಣ ಹಚ್ಚಿ
ಹೊಸ ಕನ್ನಡಕ ಏರಿಸಿ
ಪರೀಕ್ಷೆಗೆ ಕೂತ ಹುಡುಗಿಯಂತೆ ಗುಂಡಿ ಒತ್ತಿದಳು.
ಹನ್ನೊಂದು ಸೆಕೆಂಡಿನ ಸುಳಿವಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದವರು
ನನ್ನಂಥವಳನ್ನು ಕಂಡೇ ಅಂದಿರಬೇಕು.

ನಾಲ್ಕನೇ ದಿನ ನೋಟುಬುಕ್ಕು ಚೀಲಕ್ಕೆ ಹಾಕಿ
ಬಂಗುಡೆಯ ಕ್ರೇಟಿನ ಒಂದು ತುದಿ ಹಿಡಿದೆ.
ಶೂ ಒಳಗೆ ಐಸಿನ ನೀರು. ಸೊಂಟ ಹಿಡಿಯಿತು.
ಯಾರಿಗೂ ನನ್ನ ಪರಿವೆಯಿಲ್ಲ. ಆಗ ಕಂಡಿತು:

ಪರದೆಯ ಮೇಲೆ ದೋಣಿಗಳ ಪಟ್ಟಿ, ಅಕ್ಷರದ ಕ್ರಮದಲ್ಲಿ;
ಅವಳ ಬೆರಳು ಇಳಿದು, ಇಳಿದು
'ಸಾಂತಾ ಇರಿಯಾ' ಎಂಬ ಹೆಸರಿನ ಮೇಲೆ ನಿಂತಿತು.
ಒತ್ತಲಿಲ್ಲ.
ನಿಂತಿತು.
ಆಮೇಲೆ ಕೆಳಗಿನ 'ಸಾಂತೋ ಎಲೋಯ್'ಗೆ ಜಾರಿತು.
ಮೀನು, ತೂಕ, ಮುಂದೆ.

ಅದು ಮೂರು ಚಳಿಗಾಲದ ಹಿಂದೆ ಹೋದ ದೋಣಿ,
ಮರಳಲಿಲ್ಲ, ಚುಕ್ಕಾಣಿ ಅವಳ ತಮ್ಮನದಿತ್ತು ಎಂದು
ಕ್ರೇಟಿನ ಆಚೆ ತುದಿಯವನು ಹೇಳಿದ,
ನಾನೇನೂ ಕೇಳಿರಲಿಲ್ಲ.

ಅಳಿಸಲು ಒಂದು ಸಾಲು ಸಾಕು.
ಝುಲ್ಮೀರಾ ಊಟಕ್ಕೆ ಮುಂಚೆಯೇ ಮುಗಿಸುತ್ತಾಳೆ.
ಅಳಿಸಲೇ ಎಂದು ಕೇಳಿದರೆ ಡಿಯೋಲಿಂಡಾ
ಎಲ್ಲ ಚೆನ್ನಾಗಿದೆ ಮಗಳೇ ಅನ್ನುತ್ತಾಳೆ.
ಕೇಳದೆ ಅಳಿಸಿದರೂ
ಬಹುಶಃ ಅದನ್ನೇ ಅನ್ನುತ್ತಾಳೆ.
ಇದಕ್ಕೆ ಯಾವ ವಿಧಾನ?

ನಲ್ಲಿಯ ಕೆಳಗೆ ಕೈ ತೊಳೆಯುತ್ತ, ನನ್ನತ್ತ ತಿರುಗದೆ,
ಅವಳೇ ಕೇಳಿದಳು:
"ಕಾಫಿ ಯಂತ್ರದ ವಿಷಯ ಬರೆದಿದ್ದೆನಲ್ಲ, ಏನಾಯಿತು?"

ಗುರುವಾರ ರಾತ್ರಿ ವರದಿ ತುಂಬಿದೆ.
ವಿಳಂಬಕ್ಕೆ ಕಾರಣ: ಬಳಕೆದಾರರು ಪಟ್ಟಿಯನ್ನು ಓದುತ್ತಾರೆ.
ಪಟ್ಟಿಯಲ್ಲಿ ಬದಲಾವಣೆ: ಬೇಡ.
ಶಿಫಾರಸು: ಕಾಫಿ ಯಂತ್ರ ರಿಪೇರಿ ಮಾಡಿಸುವುದು.